ಕಂಡಕ್ಟರಮ್ಮನಿಗೆ ಸಿಕ್ಕ ಟಿಕೆಟ್ಟು

ಊರಿನ ಅರ್ಧ ಜನಕ್ಕೆ ಟಿಕೆಟ್ ಹರಿದು ಕೊಟ್ಟ ಹೆಂಗಸಿಗೆ ಒಂದು ದಿನ ಪಕ್ಷದವರೇ ಮನೆ ಬಾಗಿಲಿಗೆ ಬಂದು ಟಿಕೆಟ್ ಕೊಟ್ಟರು. ಈ ಮಾತು ಹೇಳಿ ನಗದವರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೂ ಇರಲಿಲ್ಲ. ನಕ್ಕವರೇ ಸಾಲಿನಲ್ಲಿ ನಿಂತು ವೋಟು ಹಾಕಿದರು, ಆ ಮಾತು ಬೇರೆ. ಹೀಗೆ ಕಂಡಕ್ಟರಮ್ಮ ಬಸ್ ಸ್ಟ್ಯಾಂಡ್ ವಾರ್ಡಿನಿಂದ ನಗರಸಭೆಯ ಸದಸ್ಯೆಯಾದಳು.

ಅವಳನ್ನು ಅರಿಯದವರಿಗೆ ಮೊದಲು ಅವಳ ಗಂಟಲಿನ ಪರಿಚಯ ಮಾಡಿಕೊಡಬೇಕು. ಬಸ್ಸಿನ ಮಾಲೀಕರು ಕೊಟ್ಟ ಸೀಟಿ ಅವಳ ಕೊರಳಲ್ಲಿ ಒಡವೆಯ ಹಾಗೆ ತೂಗುತ್ತಿತ್ತೇ ಹೊರತು ಅದನ್ನು ಅವಳು ಊದಿದ್ದನ್ನು ಕಂಡವರಿಲ್ಲ. ಬಸ್ಸು ಹೊರಡಬೇಕಾದರೆ ‘ರೈಟ್’, ನಿಲ್ಲಬೇಕಾದರೆ ‘ಹೋಲ್ಡಾನ್’. ಅವಳ ಹೋಲ್ಡಾನ್ ಕಿವಿಗೆ ಬಿದ್ದರೆ ಅವಳ ಬಸ್ಸಷ್ಟೇ ಅಲ್ಲ, ಎದುರಿನ ಸೈಕಲ್ಲು, ತಳ್ಳುಗಾಡಿ, ರಸ್ತೆ ದಾಟುತ್ತಿದ್ದ ನಾಯಿ ಎಲ್ಲ ಗಕ್ಕನೆ ನಿಂತುಬಿಡುತ್ತಿದ್ದವು. ಅವಳ ಗಂಡ ಬೀಗ ರಿಪೇರಿಯವನು. ಮನೆಯ ಮುಂದಿನ ಕಟ್ಟೆಯ ಮೇಲೆ ಅರ, ಇಕ್ಕಳ, ತುಕ್ಕು ಹಿಡಿದ ಬೀಗಗಳ ರಾಶಿ ಹರಡಿಕೊಂಡು ಕೂರುತ್ತಿದ್ದ. “ಊರಿಗೆಲ್ಲ ಬೀಗ ಹಾಕಿಕೊಡ್ತೀಯ, ಹೆಂಡತಿ ಬಾಯಿಗೊಂದು ಹಾಕೋಕಾಗಲ್ವಾ?” ಎಂದು ಅವನನ್ನು ರೇಗಿಸದ ಗಿರಾಕಿ ಇರಲಿಲ್ಲ. “ಆ ಬಾಯಿಗೆ ಸರಿಹೋಗೋ ಅಳತೆ ಇನ್ನೂ ಬಂದಿಲ್ಲ ಸ್ವಾಮಿ” ಎಂದು ಅವನೂ ನಗುತ್ತಲೇ ಕೀಲಿಕೈ ಉಜ್ಜುತ್ತಿದ್ದ.

ವರ್ಷಗಟ್ಟಲೆ ಅವಳ ಜೊತೆ ಅದೇ ಟೌನ್ ಬಸ್ಸು ಓಡಿಸಿದವನು ಡ್ರೈವರಣ್ಣ. ಒಡಹುಟ್ಟಿದ ಅಣ್ಣನಲ್ಲ, ಆದರೆ ಒಡಹುಟ್ಟಿದವರು ಇಷ್ಟು ಜಗಳವಾಡಿ ಇಷ್ಟು ಬೇಗ ರಾಜಿಯಾಗುವುದನ್ನು ನಾನಂತೂ ಕಂಡಿಲ್ಲ. ಹೊಸಬರು ಯಾರಾದರೂ ಬಸ್ಸು ಬೇಗ ಬಿಡಿ ಎಂದು ಅವಸರ ಮಾಡಿದರೆ ಅವನು ಸ್ಟೇರಿಂಗ್ ಮೇಲೆ ಕೈ ಕಟ್ಟಿ ಕೂತುಬಿಡುತ್ತಿದ್ದ. “ನಾನು ಮುಂದೆ ನೋಡೋನು, ಅವಳು ಹಿಂದೆ ನೋಡೋಳು. ಹಿಂದೆ ಯಾರು ಓಡಿ ಬರ್ತಿದ್ದಾರೋ ನನಗೇನು ಗೊತ್ತು? ಅವಳು ರೈಟ್ ಅನ್ನೋವರೆಗೂ ನಾನು ಕ್ಲಚ್ ಬಿಡಲ್ಲ.”

ಇದೇ ಡ್ರೈವರಣ್ಣ ಪಕ್ಷದ ಬಾವುಟ ಕಟ್ಟಿ ಕಟ್ಟಿ ಬೆರಳು ಸವೆಸಿಕೊಂಡವನು. ಅವನಿಗೆ ಪಕ್ಷ ಟಿಕೆಟ್ ಕೊಡುವುದಿರಲಿ, ಸಭೆಯಲ್ಲಿ ಕುರ್ಚಿ ಕೊಟ್ಟದ್ದೂ ಕಡಿಮೆ. ಆ ಸಲ ವಾರ್ಡಿಗೆ ಪಕ್ಷ ಆರಿಸಿದ್ದ ಅಭ್ಯರ್ಥಿ ಕೊನೇ ಗಳಿಗೆಯಲ್ಲಿ ಎದುರು ಪಕ್ಷಕ್ಕೆ ಹಾರಿದ. ಪಕ್ಷದ ಊರ ಮುಖಂಡರು, ನಗರಸಭೆಯ ಹಳೇ ಸದಸ್ಯರು, ಎಲ್ಲರೂ ಯಜಮಾನ್ರು ಎಂದು ಕರೆಯುತ್ತಿದ್ದ ಹಿರಿಯರು, ಡ್ರೈವರಣ್ಣನ ಜೊತೆ ನೇರ ಬೀಗದ ಕಟ್ಟೆಗೇ ಬಂದರು.

“ನಿಂತ್ಕೋತೀಯೇನಮ್ಮಾ?” ಎಂದರು.

ಕಂಡಕ್ಟರಮ್ಮನಿಗೆ ಎದೆ ಧಸಕ್ಕೆಂದಿತು. ಚುನಾವಣೆಗಲ್ಲ, ಆ ಮುಖಕ್ಕೆ. ಅದಕ್ಕೆ ಕಾರಣವಿತ್ತು. ಬಹಳ ಹಿಂದೆ, ಮಟ ಮಟ ಮಧ್ಯಾಹ್ನ, ಇದೇ ಯಜಮಾನರು ಅವಳ ಬಸ್ಸಿನ ಫುಟ್‌ಬೋರ್ಡ್ ಮೇಲೆ ಜೋತು ಬಿದ್ದಿದ್ದರು. ಜೊತೆಗೆ ಹಿಂಬಾಲಕರ ದಂಡು ಬೇರೆ. “ಒಳಗೆ ಬನ್ನಿ, ಇಲ್ಲಾ ಇಳೀರಿ” ಎಂದಿದ್ದಳು. “ನಾನು ಯಾರು ಗೊತ್ತಾ?” ಎಂದು ಅವರು. “ಫುಟ್‌ಬೋರ್ಡ್ ಮೇಲೆ ನಿಂತೋರು” ಎಂದು ಇವಳು. ಮಾತು ಬೆಳೆಯಿತು. ಹೋಲ್ಡಾನ್ ಎಂದು ಬಸ್ಸು ನಿಲ್ಲಿಸಿ, ದಂಡಿನ ಸಮೇತ ಅವರನ್ನು ಬಿಸಿಲಲ್ಲಿ ಇಳಿಸಿ, ರೈಟ್ ಎಂದು ಹೋಗಿಯೇಬಿಟ್ಟಿದ್ದಳು. ಅವರು ಯಾರೆಂದು ಯಾರೋ ಹೇಳಿದ್ದು ಮರುದಿನ. ಈಗ ಅವರೇ ಎದುರಿಗೆ ನಿಂತು, ಟಿಕೆಟ್ ಕೊಡುತ್ತೇನೆ ಅನ್ನುತ್ತಿದ್ದಾರೆ. ಮರೆತಿದ್ದಾರೆ, ಪುಣ್ಯಕ್ಕೆ ಮರೆತಿದ್ದಾರೆ ಎಂದುಕೊಂಡಳು. ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಚುನಾವಣೆಗೆ ನಿಂತಳು.

ಪ್ರಚಾರದಲ್ಲಿ ಅವಳು ಕೊಟ್ಟ ಮಾತು ಒಂದೇ. ಬಸ್ ಸ್ಟ್ಯಾಂಡನ್ನು ಊರಾಚೆಗೆ ಕಳಿಸುತ್ತಾರೆ ಎಂಬ ಗುಸುಗುಸು ಆಗಲೇ ಇತ್ತು. “ನಾನಿರೋವರೆಗೂ ಸ್ಟ್ಯಾಂಡು ಇಲ್ಲೇ” ಎಂದು ಹಮಾಲಿಗಳಿಗೆ, ತರಕಾರಿ ಬುಟ್ಟಿಯ ಹೆಂಗಸರಿಗೆ, ಆಸ್ಪತ್ರೆ ಗುಡಿಸಲು ಹೋಗುವ ಆಯಾಗಳಿಗೆ ಹೇಳಿದಳು. ಪಕ್ಷದವರೂ ಪಕ್ಕದಲ್ಲಿ ನಿಂತು ಚಪ್ಪಾಳೆ ಹೊಡೆದರು. ಡ್ರೈವರಣ್ಣ ರಜೆ ಹಾಕಿ ಮೈಕು ಕಟ್ಟಿದ ಆಟೋದಲ್ಲಿ ಗಲ್ಲಿ ಗಲ್ಲಿ ಸುತ್ತಿದ. ತನಗೆ ಸಿಗದ ಟಿಕೆಟ್ಟು ತಂಗಿಗೆ ಸಿಕ್ಕಿತೆಂದು ಅವನಿಗೆ ಒಂದಿಷ್ಟಾದರೂ ಹೊಟ್ಟೆಯುರಿ ಆಗಬೇಕಿತ್ತು. ಆಗಲಿಲ್ಲ. ಅಂಥ ಮನುಷ್ಯರೂ ಇರುತ್ತಾರೆ. ಗೆದ್ದ ದಿನ ಕಂಡಕ್ಟರಮ್ಮ ಅವನ ಕಾಲಿಗೆ ಬೀಳಲು ಹೋದರೆ, “ಏಯ್, ಎದ್ದೇಳು. ಪ್ಯಾಂಟ್ ತುಂಬಾ ಗ್ರೀಸು” ಎಂದು ಹಿಂದೆ ಸರಿದ.

ಗೆದ್ದ ಮೇಲೆ ಕತೆ ತಿರುಗಿತು. ಪಕ್ಷದ ಮೇಲಿನವರಿಗೆ ಹಳೇ ಬಸ್ ಸ್ಟ್ಯಾಂಡಿನ ಜಾಗದಲ್ಲಿ ದೊಡ್ಡ ಅಂಗಡಿ ಸಂಕೀರ್ಣ ಕಟ್ಟಿಸುವ ಆಸೆ ಹುಟ್ಟಿತು. ಸ್ಟ್ಯಾಂಡು ಊರಾಚೆಯ ಹೆದ್ದಾರಿ ಪಕ್ಕಕ್ಕೆ ಹೋಗಬೇಕು ಎಂಬ ನಿರ್ಣಯ ನಗರಸಭೆಗೆ ಬಂತು. ಪಕ್ಷದ ಸದಸ್ಯರೆಲ್ಲ ಕಡ್ಡಾಯವಾಗಿ ಕೈ ಎತ್ತಬೇಕೆಂದು ವಿಪ್ ಹೊರಟಿತು. ವಿರುದ್ಧ ಹೋದರೆ ಪಕ್ಷದಿಂದ ಹೊರಗೆ, ಮುಂದಿನ ಸಲದ ಟಿಕೆಟ್ಟಿನ ಮಾತೇ ಇಲ್ಲ. ಯಜಮಾನರು ಅವಳನ್ನು ಪಕ್ಷದ ಕಚೇರಿಗೆ ಕರೆಸಿದರು. ಗೋಡೆಗೆ ಒರಗಿಸಿದ ಮಡಚು ಕುರ್ಚಿಗಳು, ಹಳೇ ಬ್ಯಾನರುಗಳ ಸುರುಳಿ, ಆರಿ ಹೋದ ಚಹಾ. ಅವರು ಮಾತು ಹುಡುಕಿ ಹುಡುಕಿ ಆಡುತ್ತಿದ್ದರು.

“ನನಗೂ ಇದು ಸರಿ ಕಾಣ್ತಿಲ್ಲಮ್ಮಾ. ಆದ್ರೆ ನಮಗಿರೋದು ಅಂಚಿನ ಬಹುಮತ. ಒಬ್ಬರು ಜಾರಿದ್ರೂ ಎಲ್ಲ ಜಾರುತ್ತೆ. ನಿನ್ನನ್ನ ತಂದೋನು ನಾನು, ನನ್ನ ಮುಖ ಉಳಿಸು.”

ಬೆದರಿಸಿದ್ದರೆ ಅವಳು ಎದ್ದು ಬರುತ್ತಿದ್ದಳು. ಕೇಳಿಕೊಂಡರು, ಅದೇ ಕಷ್ಟವಾಯಿತು.

ಮನೆಗೆ ಬಂದು ಊಟಕ್ಕೆ ಕೂತಾಗಲೂ ತಲೆಯಲ್ಲಿ ಅದೇ ಲೆಕ್ಕ. ಕೈ ಎತ್ತಿದರೆ ವಾರ್ಡಿನ ಜನಕ್ಕೆ ಕೈಕೊಟ್ಟಂತೆ, ಎತ್ತದಿದ್ದರೆ ಯಜಮಾನರಿಗೆ ಕೈಕೊಟ್ಟಂತೆ. ಇರುವುದು ಎರಡೇ ಕೈ, ಎರಡೂ ಈಗ ಬೇಡವಾಗಿದ್ದವು.

“ಜ್ವರ ಅಂತ ಮಲಗಿಬಿಡು. ನಾನು ಕಚೇರಿಗೆ ಹೋಗಿ ಹೇಳಿ ಬರ್ತೀನಿ” ಎಂದ ಗಂಡ.

“ಎಷ್ಟು ಸಲ ಅಂತ ಜ್ವರ ಬರ್ಸ್ಕೊಳ್ಳಲಿ ರೀ? ಬಸ್ಸಲ್ಲಿದ್ದಾಗ ನಿಜವಾದ ಜ್ವರಕ್ಕೂ ರಜೆ ಹಾಕ್ಲಿಲ್ಲ ನಾನು.”

ಅತ್ತೆ ತಟ್ಟೆಯಿಂದ ತಲೆ ಎತ್ತದೆ ಕೇಳಿಸಿಕೊಳ್ಳುತ್ತಿದ್ದಳು. ಮಂಡಿ ನೋವಿನ ಮುದುಕಿ, ವಾರಕ್ಕೊಮ್ಮೆ ಅದೇ ಸ್ಟ್ಯಾಂಡಿನಿಂದ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗುವವಳು. “ನಾನೂ ನಿನಗೇ ವೋಟು ಹಾಕಿದೀನಿ, ತಿಳ್ಕೋ. ಸೊಸೆ ಅಂತ ಹಾಕಿದ್ದಲ್ಲ. ಹಾಗೆ ನೋಡಿದ್ರೆ ಎದುರು ಪಕ್ಷದೋನೇ ನೋಡೋಕೆ ಲಕ್ಷಣವಾಗಿದ್ದ” ಎಂದಳು. ಎಲ್ಲರೂ ನಕ್ಕರು. ನಗು ನಿಂತ ಮೇಲೆ ಮುದುಕಿ ಮೆಲ್ಲಗೆ ಸೇರಿಸಿದಳು: “ಸಭೆ ನೋಡೋಕೆ ನಾನೂ ಬರ್ತೀನಿ. ನೀನು ಯಾವ ಕೈ ಎತ್ತಿದ್ರೂ ಸರಿ, ನೀನು ಅಲ್ಲಿ ಕೂತಿರೋದನ್ನ ಒಂದ್ಸಲ ನೋಡ್ಬೇಕು.”

ಮದುವೆಯಾಗಿ ಬಂದಾಗ, ಗಂಡಸರ ನಡುವೆ ನುಗ್ಗಿ ಟಿಕೆಟ್ ಹರಿಯುವ ಕೆಲಸ ಬೇಡವೇ ಬೇಡ ಎಂದು ಹಟ ಹಿಡಿದಿದ್ದವಳು ಇದೇ ಅತ್ತೆ. ಸೊಸೆಯ ಕಣ್ಣು ತೇವವಾಯಿತು. ಖಾರ ಜಾಸ್ತಿಯಾಯಿತು ಎಂದು ಎದ್ದು ಹೋದಳು.

ಮರುದಿನ ಡ್ರೈವರಣ್ಣನನ್ನು ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹಿಡಿದಳು. “ಅಣ್ಣಾ, ನೀವೇ ಹೇಳಿ. ಪಕ್ಷದೋರೂ ನೀವೇ, ವಾರ್ಡಿನೋರೂ ನೀವೇ.”

ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟ. “ಗೊತ್ತಾಗ್ತಿಲ್ಲಮ್ಮಾ. ಸ್ಟ್ಯಾಂಡು ಹೋದ್ರೆ ಈ ಜನ ಕೆಡ್ತಾರೆ. ಪಕ್ಷ ಬಿದ್ರೆ ನಾನು ಇಷ್ಟು ವರ್ಷ ಕಟ್ಟಿದ್ದು ಬೀಳುತ್ತೆ. ನೀನು ಏನು ಮಾಡಿದ್ರೂ ನಾನು ನಿನ್ನ ಮೇಲೆ ಮುನಿಸ್ಕೊಳ್ಳಲ್ಲ. ಇಷ್ಟು ಮಾತ್ರ ಗ್ಯಾರಂಟಿ.”

ಉತ್ತರ ಸಿಗಲಿಲ್ಲ, ಆದರೆ ಭಾರ ಅರ್ಧ ಇಳಿಯಿತು. ಕೊನೆಗೆ ಅವಳು ಕೈ ಎತ್ತುವುದೆಂದೇ ನಿರ್ಧರಿಸಿದಳು. ಯಜಮಾನರ ಋಣ ದೊಡ್ಡದು, ಅದರಲ್ಲೂ ಬಿಸಿಲಲ್ಲಿ ಇಳಿಸಿದ್ದನ್ನು ಮರೆತು ಟಿಕೆಟ್ ಕೊಟ್ಟವರು. ವಾರ್ಡಿನವರ ಕಾಲು ಹಿಡಿದು ಕ್ಷಮೆ ಕೇಳಿಕೊಳ್ಳೋಣ, ಮುಂದಿನ ಸಲ ಸೋಲಿಸಿದರೆ ಸೋಲಿಸಲಿ, ಚೀಲ ಹೆಗಲಿಗೆ ಹಾಕಿಕೊಂಡು ಮತ್ತೆ ಬಸ್ಸು ಹತ್ತಿದರಾಯಿತು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ನಗರಸಭೆಯ ಸಭಾಂಗಣ ಮೊದಲ ಮಹಡಿಯಲ್ಲಿತ್ತು. ಕಿರಿದಾದ ಮೆಟ್ಟಿಲು ಹತ್ತಿದರೆ ಎರಡು ರೆಕ್ಕೆಯ ದೊಡ್ಡ ಬಾಗಿಲು, ಒಳಗೆ ಅರ್ಧ ಚಂದ್ರಾಕಾರದ ಮೇಜು, ಹಿಂದೆ ಸಾರ್ವಜನಿಕರಿಗೆ ಬೆಂಚು. ಮತಕ್ಕೆ ಹಾಕುವಾಗ ಆ ಬಾಗಿಲು ಮುಚ್ಚುವುದು ಅಲ್ಲಿಯ ರೂಢಿ. ಅಧ್ಯಕ್ಷರು ನಿರ್ಣಯ ಓದುವ ವೇಗಕ್ಕೆ ಊರೆಲ್ಲ ಹೆಸರು. ಅವರು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಎರಡು ನಿರ್ಣಯ ಪಾಸಾಗಿರುತ್ತಿದ್ದವು. ಆ ದಿನವೂ ಬಸ್ ಸ್ಟ್ಯಾಂಡಿನ ವಿಷಯ ಬಂದಿದ್ದೇ ಗೊತ್ತಾಗದ ಹಾಗೆ ಓದಿ ಮುಗಿಸಿ, “ಮತಕ್ಕೆ ಹಾಕ್ತೀನಿ, ಬಾಗಿಲು ಮುಚ್ಚಿ” ಎಂದರು.

ಬಾಗಿಲಿಗೆ ಎದುರಾಗಿ ಕೂತಿದ್ದವಳು ಕಂಡಕ್ಟರಮ್ಮ. ಜವಾನ ಒಂದು ರೆಕ್ಕೆ ಎಳೆದ. ಇನ್ನೊಂದನ್ನು ಎಳೆಯುತ್ತಿದ್ದಂತೆ ಕಿರಿದಾಗುತ್ತ ಬಂದ ಸಂದಿಯಲ್ಲಿ ಮೆಟ್ಟಿಲು ಕಾಣಿಸಿತು. ಕೊನೆಯ ಮೆಟ್ಟಿಲ ಮೇಲೆ ಅತ್ತೆ. ಒಂದು ಕೈ ಕಂಬಿಯ ಮೇಲೆ, ಒಂದು ಕಾಲು ಮೇಲೆ, ಇನ್ನೊಂದು ಕಾಲು ಇನ್ನೂ ಕೆಳಗೆ. ಹಿಂದೆ ಬೆನ್ನಿಗೆ ಆಸರೆ ಕೊಟ್ಟ ಡ್ರೈವರಣ್ಣ, ಅವನ ಹಿಂದೆ ಬುಟ್ಟಿ ಹೆಂಗಸರು. “ಪರವಾಗಿರೋರು...” ಎಂದು ಅಧ್ಯಕ್ಷರು ಶುರು ಮಾಡಿದರು. ಸುತ್ತ ಕೈಗಳು ಏಳತೊಡಗಿದವು. ಕಂಡಕ್ಟರಮ್ಮನ ಕೈಯೂ ಮೊಣಕೈವರೆಗೆ ಎದ್ದಿತ್ತು.

“ಹೋಲ್ಡಾನ್!”

ಅದು ಅವಳು ಆಡಿದ ಮಾತಲ್ಲ, ಅವಳ ಗಂಟಲು ಆಡಿದ್ದು. ಬಾಗಿಲು ಮುಚ್ಚುತ್ತಿದೆ, ಒಬ್ಬರ ಕಾಲು ಇನ್ನೂ ಮೆಟ್ಟಿಲ ಮೇಲಿದೆ. ಇಷ್ಟು ವರ್ಷ ಅದಕ್ಕೆ ಆ ಗಂಟಲಿಗೆ ಗೊತ್ತಿದ್ದ ಉತ್ತರ ಒಂದೇ. ಜವಾನ ಬಾಗಿಲು ಹಿಡಿದಲ್ಲೇ ನಿಂತ. ಎದ್ದ ಕೈಗಳು ಎದ್ದಲ್ಲೇ ನಿಂತವು. ಅಧ್ಯಕ್ಷರ ಬಾಯಿ ತೆರೆದಲ್ಲೇ ತೆರೆದಿತ್ತು. ಆ ಮಹಾ ಮೌನದಲ್ಲಿ ಅತ್ತೆ ಏದುಸಿರು ಬಿಡುತ್ತ ಒಳಗೆ ಬಂದು, ಸುತ್ತ ನೋಡಿ, “ಕೂರೋಕೆ ಜಾಗ ಇದ್ಯಾಪ್ಪಾ?” ಎಂದಳು.

ಸಭಾಂಗಣವೆಲ್ಲ ನಗೆಯಲ್ಲಿ ಮುಳುಗಿತು. ಎದುರು ಪಕ್ಷದವರು ಮೇಜು ಗುದ್ದಿ ನಕ್ಕರು. ಕಂಡಕ್ಟರಮ್ಮನಿಗೆ ಮಾತ್ರ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಅಧ್ಯಕ್ಷರು ಕಣ್ಣೊರೆಸಿಕೊಂಡು, “ಏನಮ್ಮಾ, ಬಸ್ಸು ನಿಲ್ಸಿಬಿಟ್ರಲ್ಲ. ನಿರ್ಣಯ ಬೇಡ ಅಂತಲೋ?” ಎಂದು ಕೇಳಿದರು. ನಗು ಥಟ್ಟನೆ ನಿಂತಿತು. ಪಕ್ಷದ ಕಡೆಯ ಕಣ್ಣುಗಳೆಲ್ಲ ಅವಳತ್ತ ತಿರುಗಿದವು.

ಎದ್ದು ನಿಂತಳು. “ತಪ್ಪಾಯ್ತು ಸಾರ್, ಅಭ್ಯಾಸಬಲ, ಬಾಯಿಗೆ ಬಂದ್ಬಿಡ್ತು. ಬೇಡ ಅಂತಲ್ಲ.” ಅಷ್ಟು ಹೇಳಿ ಕೂತುಬಿಡಬೇಕೆಂದಿದ್ದಳು. ಕೂರಲಾಗಲಿಲ್ಲ. ಬೆಂಚಿನ ಮೇಲೆ ಅತ್ತೆ ಮಂಡಿ ನೀವಿಕೊಳ್ಳುತ್ತಿದ್ದಳು. “ಹೋಲ್ಡಾನ್ ಅಂದ್ರೆ ಬಸ್ಸು ಹೋಗೋದೇ ಬೇಡ ಅಂತಲ್ಲ ಸಾರ್. ಹೋಗ್ಲಿ. ಹಿಂದೆ ಇನ್ನೂ ಜನ ಓಡಿ ಬರ್ತಿದ್ದಾರೆ, ಅವ್ರು ಹತ್ತಿದ ಮೇಲೆ ಹೋಗ್ಲಿ ಅಂತ. ಅಷ್ಟೇ.”

ಆಗ ಯಜಮಾನರು ನಿಧಾನವಾಗಿ ಎದ್ದರು. ಮುಗಿಯಿತು ತನ್ನ ಕತೆ ಎಂದುಕೊಂಡಳು. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, “ಅಧ್ಯಕ್ಷರೇ, ಬಸ್ಸು ಹೇಗೂ ನಿಂತಿದೆ. ಜನರನ್ನ ಕೇಳಿ ಮುಂದಿನ ಸಭೆಯಲ್ಲಿ ನೋಡೋಣ” ಎಂದು ಕೂತರು. ವಿಷಯ ಮುಂದಿನ ಸಭೆಗೆ ಹೋಯಿತು.

ಮೇಲಿನವರು ಕೆಂಡಾಮಂಡಲವಾದರು. ಇಬ್ಬರನ್ನೂ ಕರೆಸಿ ಕೂರಿಸಿದರು. “ವಿಪ್ ಉಲ್ಲಂಘನೆ ಎಲ್ಲಾಯ್ತು ಸ್ವಾಮಿ?” ಎಂದು ಯಜಮಾನರು ಮುಗ್ಧರ ಹಾಗೆ ಕೇಳಿದರಂತೆ. “ವಿರುದ್ಧ ಮತ ಹಾಕಬಾರದು ಅಂತಿತ್ತು, ಹಾಕ್ಲಿಲ್ಲ. ಗೈರಾಗಬಾರದು ಅಂತಿತ್ತು, ಆಗ್ಲಿಲ್ಲ. ಹೋಲ್ಡಾನ್ ಅನ್ನಬಾರದು ಅಂತ ನೀವು ಎಲ್ಲೂ ಹೇಳಿಲ್ಲ.” ಆದರೂ ಸುಮ್ಮನೆ ಬಿಡುವವರೇ? ಕಂಡಕ್ಟರಮ್ಮನಿಗೆ ಬರಬೇಕಿದ್ದ ಸಮಿತಿಯ ಸ್ಥಾನ ಬೇರೆಯವರಿಗೆ ಹೋಯಿತು. ಯಜಮಾನರನ್ನು ಸಮಾರಂಭಗಳಲ್ಲಿ ಎರಡನೇ ಸಾಲಿಗೆ ತಳ್ಳಿದರು.

ಆದರೆ ಜನರನ್ನು ಕೇಳಿದ್ದಾಯಿತು. ಹಲವು ಸಭೆ, ಕೂಗಾಟ, ರಾಜಿ ಎಲ್ಲ ಮುಗಿದು ಒಂದು ದಾರಿ ಸಿಕ್ಕಿತು. ದೂರದೂರಿನ ಬಸ್ಸುಗಳು ಊರಾಚೆಯ ಹೊಸ ಸ್ಟ್ಯಾಂಡಿಗೆ, ಟೌನ್ ಬಸ್ಸುಗಳು ಹಳೇ ಜಾಗದಲ್ಲೇ. ಅಂಗಡಿಗಳು ಒಂದು ಬದಿಗೆ ಮಾತ್ರ. ‘ನಮ್ಮ ಪಕ್ಷದ ಜನಪರ ಸಾಧನೆ’ ಎಂದು ಮೇಲಿನವರೇ ದೊಡ್ಡ ಬ್ಯಾನರು ಕಟ್ಟಿಸಿದರು. ಅದರ ಮೂಲೆಯಲ್ಲಿ ಕಂಡಕ್ಟರಮ್ಮನ ಫೋಟೋ ಅಂಚೆ ಚೀಟಿಯಷ್ಟಿತ್ತು. ಅತ್ತೆ ಅದನ್ನು ಹುಡುಕಿ ಹುಡುಕಿ ಎಲ್ಲರಿಗೂ ತೋರಿಸಿದಳು.

ಎಲ್ಲರೂ ಹೊಗಳಿದರು ಅಂತಲ್ಲ. ಲಗೇಜು ಇರುವುದೇ ದೂರದ ಬಸ್ಸುಗಳಲ್ಲಿ. “ಅರ್ಧ ಉಳಿಸ್ದೆ, ಅರ್ಧ ಕೊಟ್ಬಿಟ್ಟೆ. ನಾವು ಆ ಕೊಟ್ಟ ಅರ್ಧದೋರು ತಾಯಿ” ಎಂದು ಹಮಾಲಿಗಳ ಹಿರಿಯ ಮುಖಕ್ಕೆ ಹೊಡೆದ ಹಾಗೆ ಹೇಳಿದ. ಅವಳು ಎದುರಾಡಲಿಲ್ಲ. ನಿಜವಾದ ಮಾತಿಗೆ ಏನು ಎದುರಾಡುವುದು? ಹೊಸ ಸ್ಟ್ಯಾಂಡಿನಲ್ಲಿ ಹೊರುವ ಕೆಲಸ ಇವರಿಗೇ ಸಿಗಬೇಕೆಂದು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿ, ಅದನ್ನು ಮಾಡಿಸಿಕೊಟ್ಟಳು. ಹಿರಿಯ ಆಮೇಲೆ ಹೊಗಳಲಿಲ್ಲ, ಆದರೆ ಅವಳು ಬಂದರೆ ಕೂರಲು ತನ್ನ ತಲೆಸುತ್ತಿನ ಬಟ್ಟೆ ಕೊಡವಿ ಹಾಸುತ್ತಿದ್ದ.

ದಿನ ಉರುಳಿ ಮತ್ತೆ ಚುನಾವಣೆ ಹತ್ತಿರವಾಯಿತು. ಟಿಕೆಟ್ ಯಾರಿಗೆ ಎಂಬ ಗಾಳಿಮಾತು ಚಹಾದಂಗಡಿಯಿಂದ ಚಹಾದಂಗಡಿಗೆ ತಿರುಗಿತು. ಹೋಲ್ಡಾನ್ ಅಂದವಳಿಗೆ ಮೇಲಿನವರು ಕೊಡುವುದಿಲ್ಲ ಎಂದೇ ಎಲ್ಲರ ಲೆಕ್ಕ. ಕಂಡಕ್ಟರಮ್ಮನೂ ಒಳಗೊಳಗೇ ಆಸೆ ಬಿಟ್ಟಿದ್ದಳು, ಆದರೆ ಆಸೆ ಅವಳನ್ನು ಬಿಟ್ಟಿರಲಿಲ್ಲ. ವಾರ್ಡಿನಲ್ಲಿ ಮಾಡುವ ಕೆಲಸ ಇನ್ನೂ ಬೇಕಾದಷ್ಟಿತ್ತು.

ಒಂದು ಬೆಳಿಗ್ಗೆ ಅವಳು ಎಂದಿನಂತೆ ಡ್ರೈವರಣ್ಣನ ಬಸ್ಸಿನಲ್ಲಿ ಹೊರಟಿದ್ದಳು. ಸದಸ್ಯೆಯಾದರೂ ಕಾರಿಲ್ಲ. ಕಾರಿನಲ್ಲಿ ಕೂತರೆ ಯಾರು ಟಿಕೆಟ್ ಕೇಳುತ್ತಾರೆ ಎಂದು ನಗುತ್ತಿದ್ದಳು. ಅವಳ ಜಾಗಕ್ಕೆ ಬಂದಿದ್ದ ಹೊಸ ಕಂಡಕ್ಟರ್ ಹುಡುಗಿ ಮುಂದೆ ಟಿಕೆಟ್ ಕೊಡುತ್ತಿದ್ದಳು. ಯಾರೋ ಹಿರಿಯರು ಓಡಿ ಬಂದು ಫುಟ್‌ಬೋರ್ಡ್ ಹತ್ತಿ ಅಲ್ಲೇ ಜೋತು ಬಿದ್ದರು. ಕಂಡಕ್ಟರಮ್ಮ ಕಿಟಕಿಯಿಂದ ತಲೆ ತಿರುಗಿಸದೆಯೇ ಹೇಳಿಬಿಟ್ಟಳು:

“ಒಳಗೆ ಬನ್ನಿ, ಇಲ್ಲಾ ಇಳೀರಿ.”

“ಎರಡನೇ ಸಲ ಹೇಳ್ತಿದ್ದೀಯಲ್ಲಮ್ಮಾ” ಎಂದಿತು ದನಿ.

ತಿರುಗಿದರೆ ಯಜಮಾನರು. ಅವರು ಒಳಗೆ ಬಂದು ಅವಳ ಪಕ್ಕದ ಸೀಟಿನಲ್ಲಿ ಕೂತರು.

“ನಿಮಗೆ... ಜ್ಞಾಪಕ ಇದ್ಯಾ?”

“ಮರೆಯೋಕಾಗುತ್ತಾ? ಆ ಬಿಸಿಲಲ್ಲಿ ಎರಡು ಸ್ಟಾಪು ನಡೆದಿದ್ದೀನಿ. ಮೊದಲ್ನೇ ಸ್ಟಾಪಿನವರೆಗೂ ನಿನ್ನ ಬೈಕೊಂಡೇ ಹೋದೆ. ಆಮೇಲೆ ಯೋಚನೆ ಬಂತು, ನಾವು ಇಳಿದ ಮೇಲೇ ಅಲ್ವಾ ಕೆಳಗೆ ಕಾಯ್ತಿದ್ದ ಬಸುರಿ ಹೆಂಗಸೊಬ್ಳು ಹತ್ತೋಕಾಗಿದ್ದು ಅಂತ. ಬಾಗಿಲಿಗೆ ಅಡ್ಡ ನಿಂತಿದ್ದೋನು ನಾನು.” ಉಸಿರು ಸುಧಾರಿಸಿಕೊಂಡರು. “ಟಿಕೆಟ್ ಯಾರಿಗೆ ಅಂದಾಗ ಅದಕ್ಕೇ ನಿನ್ನ ಮನೆಗೆ ಬಂದಿದ್ದು. ಹೇಳಿದ ಕಡೆ ಕೈ ಎತ್ತೋರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಾನು ಅಡ್ಡ ನಿಂತ್ರೆ ನನ್ನನ್ನೂ ಇಳಿಸೋರು ಒಬ್ರಾದ್ರೂ ಇರ್ಲಿ ಅಂತ.”

ಇಷ್ಟು ವರ್ಷ ಅವರ ಮರೆವಿಗೆ ಕೃತಜ್ಞಳಾಗಿದ್ದವಳು ಅವಳು. ಟಿಕೆಟ್ ಕೊಡಿಸಿದ್ದು ಮರೆವಲ್ಲ, ನೆನಪು. ಊರನ್ನೇ ನಿಲ್ಲಿಸುತ್ತಿದ್ದ ಗಂಟಲಿನಿಂದ ಒಂದು ಅಕ್ಷರ ಹೊರಡಲಿಲ್ಲ.

“ನಿನ್ನೆ ಮೇಲಿನವರ ಸಭೆ ಇತ್ತು” ಎಂದರು ಯಜಮಾನರು. “ನಿನ್ನ ಹೆಸರು ಬಿಟ್ಟು ಮುಂದಕ್ಕೆ ಹೊರಟಿದ್ರು. ನಾನು ಹೋಲ್ಡಾನ್ ಅಂದೆ.”

“ಆಮೇಲೆ?”

“ಆಮೇಲೇನು? ನಿಂತ್ರು. ಈ ವಾರ್ಡು ಗೆಲ್ಲೋಕೆ ಬೇರೆ ಯಾರಿದ್ದಾರೆ ಅಂತ ಅವ್ರಿಗೂ ಗೊತ್ತಿಲ್ವಾ? ಟಿಕೆಟ್ ನಿಂದೇ ಕಣಮ್ಮಾ.”

ಮುಂದೆ ಸ್ಟೇರಿಂಗ್ ಹಿಡಿದ ಡ್ರೈವರಣ್ಣನಿಗೆ ಎಲ್ಲ ಕೇಳಿಸಿತ್ತು. ಕಾರಣವಿಲ್ಲದೆ ಹಾರ್ನು ಬಾರಿಸಿದ. ಆ ಹೊತ್ತಿಗೆ ಹೊಸ ಹುಡುಗಿ ಅವರ ಸೀಟಿಗೆ ಬಂದಳು. “ಯಾರ್ರೀ ಟಿಕೆಟ್?” ಎಂದಳು. ಯಜಮಾನರು ಜೇಬಿಗೆ ಕೈ ಹಾಕಿದರು. ಕಂಡಕ್ಟರಮ್ಮ ಆ ಕೈ ಹಿಡಿದು ನಿಲ್ಲಿಸಿದಳು.

“ಇವ್ರ ಟಿಕೆಟ್ ನಾನು ಕೊಡ್ತೀನಮ್ಮಾ” ಎಂದಳು. ದನಿ ಒಡೆದಿತ್ತು, ಕಣ್ಣು ತುಂಬಿತ್ತು, ಅದನ್ನು ಮುಚ್ಚಿಡಲು ಹೋಗಲಿಲ್ಲ. “ಅವತ್ತು ದಾರೀಲಿ ಇಳಿಸಿದ್ದೆ. ಇವತ್ತು ಮನೆ ಮುಂದೆನೇ ಇಳಿಸ್ತೀನಿ.”

ಅವಳು ದುಡ್ಡು ಕೊಟ್ಟು ಹರಿಸಿದ ಟಿಕೆಟ್ಟನ್ನು ಯಜಮಾನರು ತೆಗೆದುಕೊಂಡು ಕನ್ನಡಕದ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಅಷ್ಟರಲ್ಲಿ ಬಸ್ಸು ಸ್ಟಾಪಿನಲ್ಲಿ ನಿಂತಿತು. ಹುಡುಗಿ ಬಾಯಿಗೆ ಸೀಟಿ ಇಟ್ಟಳು. ಡ್ರೈವರಣ್ಣ ಕ್ಲಚ್ ಬಿಡಲಿಲ್ಲ. ಕನ್ನಡಿಯಲ್ಲಿ ತಂಗಿಯ ಮುಖ ನೋಡುತ್ತ ಕಾದ. ಕಂಡಕ್ಟರಮ್ಮ ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದಳು. ಬುಟ್ಟಿ ಹೊತ್ತ ಹೆಂಗಸೊಬ್ಬಳು ಓಡಿ ಬರುತ್ತಿದ್ದಳು. ಅವಳು ಹತ್ತುವವರೆಗೂ ಕಾದು, ಕಣ್ಣೊರೆಸಿಕೊಂಡು, “ರೈಟ್” ಎಂದಳು.